ಹೋಲಿಸಲು ಬಾರದೆ ತಿದ್ದಬಾರದು

ಹೆಡ್‌ಫೋನ್ ಹವ್ಯಾಸಿಗಳ ನಡುವೆ ‘ಪ್ಲೇನರ್ ದನಿ’, ಅಂದರೆ ಸಪಾಟು ಪೊರೆಯ ಹೆಡ್‌ಫೋನುಗಳ ದನಿ, ಎಂಬ ಮಾತು ಪದೇಪದೇ ಬರುತ್ತದೆ. ವೇಗದ ದನಿ, ವಾದ್ಯಗಳನ್ನು ಬಿಡಿಬಿಡಿಯಾಗಿ ತೋರಿಸುವ ದನಿ, ಬೇಸ್ ಪಾತಾಳಕ್ಕೆ ಇಳಿಯುವ ದನಿ ಎಂದೆಲ್ಲ ಅದನ್ನು ಹೊಗಳುತ್ತಾರೆ. ಆ ಹೊಗಳಿಕೆಯಲ್ಲಿ ಸ್ವಲ್ಪ ನಿಜವಿದೆ. ಆದರೆ ಪ್ಲೇನರಿನದು ಎಂದು ನಾವು ಮೆಚ್ಚುವುದರಲ್ಲಿ ಬಹುಪಾಲು ಆ ತಂತ್ರಕ್ಕೆ ಸೇರಿದ್ದಲ್ಲ. ಪೊರೆಯ ಹಿಂದೆ ಅಂಟಿಸಿದ ಫೆಲ್ಟ್, ಬಟ್ಟಲಿನೊಳಗಿನ ಗಾಳಿ, ಆ ಗಾಳಿ ಹೊರಹೋಗಲು ಬಿಟ್ಟ ರಂಧ್ರ, ಕೆನ್ನೆಗೆ ಒತ್ತಿಕೊಳ್ಳುವ ಪ್ಯಾಡ್, ಇವೆಲ್ಲ ಸೇರಿ ದನಿಯನ್ನು ತೀರ್ಮಾನಿಸುತ್ತವೆ. ಈ ಮಾತು ಸರಿಯಾದರೆ ಮನೆಯಲ್ಲೇ ಹೆಡ್‌ಫೋನ್ ಬಿಚ್ಚಿ ತಿದ್ದುವ ಹವ್ಯಾಸವನ್ನು ಹುಡುಗಾಟ ಎಂದು ತಳ್ಳಿಹಾಕುವಂತಿಲ್ಲ. ದನಿ ಹುಟ್ಟುವ ಜಾಗಕ್ಕೇ ಕೈ ಹಾಕುವ ಕೆಲಸ ಅದು. ಆದರೆ ತಿದ್ದಿದ ಮೇಲೆ ಒಳ್ಳೆಯದಾಯಿತೋ ಕೆಟ್ಟಿತೋ ಎಂದು ಹೋಲಿಸಿ ನೋಡುವ ಕ್ರಮ ಗೊತ್ತಿಲ್ಲದಿದ್ದರೆ ಅದೇ ಕೆಲಸ ಬರೀ ನಂಬಿಕೆಯಾಗಿ ಉಳಿಯುತ್ತದೆ. ಹವ್ಯಾಸಿಗಳಲ್ಲಿ ಬಿಚ್ಚುವ ಉತ್ಸಾಹ ಧಾರಾಳವಾಗಿದೆ. ಹೋಲಿಸುವ ತಾಳ್ಮೆ ಕಡಿಮೆ. ಈ ಲೇಖನ ಆ ತಾಳ್ಮೆಯ ಪರವಾಗಿದೆ.

ಮೊದಲು ತಂತ್ರ. ಸಾಮಾನ್ಯ ಹೆಡ್‌ಫೋನಿನಲ್ಲಿ ಗುಮ್ಮಟಾಕಾರದ ಪುಟ್ಟ ಪೊರೆಗೆ ತೆಳು ತಂತಿಯ ಸುರುಳಿಯೊಂದನ್ನು ಅಂಟಿಸಿರುತ್ತಾರೆ. ಸುರುಳಿಯಲ್ಲಿ ವಿದ್ಯುತ್ ಹರಿದಾಗ ಅಯಸ್ಕಾಂತದ ಬಲ ಅದನ್ನು ಹಿಂದೆಮುಂದೆ ತಳ್ಳುತ್ತದೆ, ಪೊರೆ ಅದರೊಂದಿಗೆ ಅಲುಗುತ್ತದೆ. ಬಲ ಬೀಳುವುದು ಸುರುಳಿ ಅಂಟಿದ ಉಂಗುರದ ಮೇಲೆ ಮಾತ್ರ. ಆವರ್ತನ ಏರುತ್ತ ಹೋದಂತೆ ಪೊರೆ ಒಂದೇ ತುಂಡಾಗಿ ಚಲಿಸದೆ, ಒಂದೊಂದು ಭಾಗ ಒಂದೊಂದು ಬಗೆಯಲ್ಲಿ ನಡುಗತೊಡಗುತ್ತದೆ. ಪ್ಲೇನರಿನಲ್ಲಿ ಈ ಸುರುಳಿ ಇಲ್ಲ. ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆಯ ಮೇಲೆ ಲೋಹದ ಗೆರೆಗಳನ್ನು ಅತ್ತಿಂದಿತ್ತ ಓಡಿಸಿ, ಹಾಳೆಯನ್ನು ಚೌಕಟ್ಟಿಗೆ ಬಿಗಿದು, ಅದರ ಒಂದು ಬದಿಗೋ ಎರಡೂ ಬದಿಗೋ ಅಯಸ್ಕಾಂತದ ಪಟ್ಟಿಗಳನ್ನು ಸಾಲಾಗಿ ಜೋಡಿಸುತ್ತಾರೆ. ಗೆರೆಗಳು ಹಾಳೆಯ ತುಂಬ ಹರಡಿರುವುದರಿಂದ ಬಲವೂ ಹಾಳೆಯ ಉದ್ದಗಲಕ್ಕೆ ಹಂಚಿ ಬೀಳುತ್ತದೆ. ಇದು ನಿಜವಾದ ಅನುಕೂಲ. ಕೆಳ ಆವರ್ತನಗಳಲ್ಲಿ ಒಳ್ಳೆಯ ಪ್ಲೇನರುಗಳ ವಿರೂಪ ಬಹಳ ಕಡಿಮೆ ಇರುವುದಕ್ಕೂ ಪ್ಯಾಡ್ ಸರಿಯಾಗಿ ಕೂತಾಗ ಬೇಸ್ 20-30 ಹರ್ಟ್ಜ್‌ವರೆಗೆ ಸಮವಾಗಿ ಇಳಿಯುವುದಕ್ಕೂ ಈ ದೊಡ್ಡ, ಸಪಾಟಾದ, ಎಲ್ಲೆಡೆಯೂ ಬಲ ಬೀಳುವ ಹಾಳೆಯೇ ಮುಖ್ಯ ಕಾರಣ.

ಇದು ಹೊಸ ಸಂಗತಿಯೇನಲ್ಲ. ಯಮಹಾ 1976ರಲ್ಲಿ ಎಚ್‌ಪಿ-1 ಎಂಬ ಹೆಡ್‌ಫೋನ್ ತಂದು ಈ ತಂತ್ರವನ್ನು ‘ಆರ್ಥೊಡೈನಮಿಕ್’ ಎಂದು ಕರೆಯಿತು. ಅದರ ರೂಪವನ್ನು ವಿನ್ಯಾಸ ಮಾಡಿದವರು ಇಟಲಿಯ ಮಾರಿಯೊ ಬೆಲ್ಲಿನಿ. ಅದೇ ದಶಕದಲ್ಲಿ ಬ್ರಿಟನ್ನಿನ ವಾರ್ಫ್‌ಡೇಲ್ ಮತ್ತು ಜಪಾನಿನ ಫೋಸ್ಟೆಕ್ಸ್ ಕೂಡ ಇಂಥವನ್ನು ಮಾಡಿದವು. ಆದರೆ ಇಂಥ ಹಾಳೆಗೆ ಬಲವಾದ ಅಯಸ್ಕಾಂತ ಬೇಕು, ಆಗಿನ್ನೂ ನಿಯೋಡೈಮಿಯಂ ಅಯಸ್ಕಾಂತ ಬಂದಿರಲಿಲ್ಲ. ಅದು ಬಂದದ್ದು 1980ರ ದಶಕದಲ್ಲಿ, ಅಗ್ಗವಾದದ್ದು ಇನ್ನೂ ತಡವಾಗಿ. ಅಷ್ಟರಲ್ಲಿ ಮಾರುಕಟ್ಟೆ ಬೇರೆ ದಾರಿ ಹಿಡಿದಿತ್ತು. ಸ್ಟುಡಿಯೊಗಳಿಗೆಂದು ಫೋಸ್ಟೆಕ್ಸ್ ಮಾಡುತ್ತಿದ್ದ ಟಿ ಸರಣಿ ಮಾತ್ರ ಹೆಚ್ಚು ಸದ್ದಿಲ್ಲದೆ ಉಳಿದುಕೊಂಡಿತು. 2009ರ ಆಸುಪಾಸಿನಲ್ಲಿ ಆಡೆಜ್ ಕಂಪನಿ ಎಲ್‌ಸಿಡಿ-2ನ್ನೂ ಹೈಫೈಮನ್ ಕಂಪನಿ ಎಚ್‌ಇ-5ನ್ನೂ ತಂದಾಗ ಪ್ಲೇನರ್ ಮತ್ತೆ ಮಾತಿಗೆ ಬಂತು. 2017ರಲ್ಲಿ ಬಂದ ಹೈಫೈಮನ್ ಸುಸ್ವಾರದ ಬೆಲೆ ಆಗ 6,000 ಡಾಲರ್ ಇತ್ತು. 2023ರಲ್ಲಿ ಸೋನಿಯ ಗೇಮ್ ವಿಭಾಗ ಆಡೆಜನ್ನು ಕೊಂಡುಕೊಂಡಿತು. ತಂತ್ರ ಹಳೆಯದು, ಅದರ ಸುತ್ತಲಿನ ವೈಭವ ಮಾತ್ರ ಹೊಸದು.

ಈ ವೈಭವದ ಮಾತುಗಳಲ್ಲಿ ನನಗೆ ಹೆಚ್ಚು ತಕರಾರು ಇರುವುದು ‘ವೇಗ’ದ ಬಗ್ಗೆ. ಹಾಳೆ ತೆಳ್ಳಗಿದೆ, ಆದ್ದರಿಂದ ಹಗುರವಾಗಿದೆ, ಆದ್ದರಿಂದ ಥಟ್ಟನೆ ಚಲಿಸಿ ಥಟ್ಟನೆ ನಿಲ್ಲುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿದೆ. ಹಾಳೆ ತೆಳುವಾದರೂ ಅದರ ವಿಸ್ತೀರ್ಣ ದೊಡ್ಡದು, ಮೇಲೆ ಲೋಹವೂ ಇದೆ. ಒಟ್ಟು ಚಲಿಸುವ ಭಾರ ಸಣ್ಣ ಗುಮ್ಮಟದ ಪೊರೆಗಿಂತ ಕಡಿಮೆಯೇ ಇರಬೇಕೆಂದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. 10,000 ಹರ್ಟ್ಜ್ ದನಿಯನ್ನು ಸರಿಯಾದ ಮಟ್ಟದಲ್ಲಿ ಹೊರಡಿಸುವ ಯಾವ ಪೊರೆಯೂ ಸೆಕೆಂಡಿಗೆ 10,000 ಸಲ ಹಿಂದೆಮುಂದೆ ಹೋಗುತ್ತಲೇ ಇದೆ. ಅದಕ್ಕಿಂತ ಬೇರೆಯಾದ ವೇಗ ಎಂಬುದೊಂದು ಉಳಿದಿಲ್ಲ. ಕೇಳಿಸುವ ಶ್ರೇಣಿಯ ಬಹುಭಾಗದಲ್ಲಿ ಹೆಡ್‌ಫೋನ್ ನಡೆದುಕೊಳ್ಳುವ ರೀತಿ ಹೇಗಿದೆಯೆಂದರೆ, ಯಾವ ಆವರ್ತನ ಎಷ್ಟು ಜೋರು ಎಂಬ ನಕ್ಷೆ ಸಿಕ್ಕರೆ ದನಿ ಹೇಗೆ ಶುರುವಾಗಿ ಹೇಗೆ ಆರುತ್ತದೆ ಎಂಬುದೂ ಅದರಿಂದಲೇ ತಿಳಿಯುತ್ತದೆ. ಬೇಸ್ ಉಬ್ಬಿಲ್ಲದೆ ಸಮವಾಗಿದ್ದು 5,000 ಹರ್ಟ್ಜ್ ಮೇಲಿನ ಭಾಗ ತುಸು ಎದ್ದಿದ್ದರೆ ನಮಗೆ ಅದು ‘ವೇಗ’ ಎನ್ನಿಸುತ್ತದೆ. ಅಂದರೆ ಆ ಗುಣವನ್ನು ಕೊಟ್ಟಿದ್ದು ಶ್ರುತಿ ಮಾಡಿದವರ ಆಯ್ಕೆ.

ಶ್ರುತಿ ಎಂಬ ಮಾತನ್ನು ಇಲ್ಲಿ ಸುಮ್ಮನೆ ಬಳಸುತ್ತಿಲ್ಲ. ಬಿಗಿದ ಪೊರೆಯ ದನಿ ಅದರ ಬಿಗಿ, ಭಾರ ಮತ್ತು ಹಿಂದಿರುವ ಗಾಳಿಯ ಮೇಲೆ ನಿಂತಿದೆ ಎಂಬುದು ಮೃದಂಗ ನುಡಿಸುವವರಿಗೆ ವಿವರಿಸಬೇಕಾಗಿಲ್ಲ. ಕಛೇರಿಗೆ ಮೊದಲು ಎಡಮುಖಕ್ಕೆ ರವೆ ಕಲಸಿ ಮೆತ್ತಿ, ಸ್ವಲ್ಪ ತೆಗೆದು, ಮತ್ತೆ ಮೆತ್ತಿ ನೋಡುವುದು ಪೊರೆಯ ಭಾರವನ್ನು ಬದಲಿಸಿ ದನಿಯನ್ನು ಇಳಿಸುವ ಕೆಲಸ. ಬಲಮುಖದ ಕರಣೆ ಪೊರೆಯ ಒರಟು ಮೇಲ್ಸ್ವರಗಳನ್ನು ಸ್ವರಬದ್ಧವಾಗಿಸುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲೇ ತೋರಿಸಿದರು. ಬೆಂಗಳೂರಿಗೆ ಬಂದ ಮೇಲೆ 1930ರ ದಶಕದಲ್ಲಿ ಆ ವಿಷಯಕ್ಕೆ ಮರಳಿ ಬರೆದರು. ಪ್ಲೇನರ್ ಹೆಡ್‌ಫೋನೂ ಬಿಗಿದ ಪೊರೆಯೇ. ಪೊರೆಗೆ ನಾವು ಏನೂ ಮೆತ್ತುವಂತಿಲ್ಲ, ಮೆತ್ತಿದರೆ ಹರಿಯುತ್ತದೆ. ಆದರೆ ಅದರ ಹಿಂದಿನ ಗಾಳಿಯನ್ನು ತಡೆಯಬಹುದು, ಬಿಡಬಹುದು, ಅದರ ಸುತ್ತಲಿನ ಪ್ಲಾಸ್ಟಿಕ್ಕಿನ ನಡುಕವನ್ನು ಅಡಗಿಸಬಹುದು.

ಈ ಕೆಲಸಕ್ಕೆ ಜಗತ್ತಿನಾದ್ಯಂತ ಹವ್ಯಾಸಿಗಳು ಆರಿಸಿಕೊಂಡದ್ದು ಫೋಸ್ಟೆಕ್ಸ್ ಟಿ50ಆರ್‌ಪಿ. ಕಾರಣ ಸರಳ. ಅಗ್ಗ, ಗಟ್ಟಿಮುಟ್ಟು, ಸ್ಕ್ರೂ ತೆಗೆದರೆ ಬಿಚ್ಚಿಕೊಳ್ಳುತ್ತದೆ. ಒಳಗಿನ ಪೊರೆ ಪಾಲಿಇಮೈಡ್ ಹಾಳೆಯ ಮೇಲೆ ತಾಮ್ರದ ಗೆರೆ ಮೂಡಿಸಿದ್ದು, ಅದು ಒಳ್ಳೆಯದೇ. ಅದನ್ನು ಸುತ್ತುವರಿದ ಬಟ್ಟಲು, ಪ್ಯಾಡು ಮಾತ್ರ ಸ್ಟುಡಿಯೊದ ಒರಟು ಬಳಕೆಗೂ ಕಡಿಮೆ ಬೆಲೆಗೂ ಒಗ್ಗುವಂತೆ ಮಾಡಿದವು. ಇದನ್ನೇ ತಿದ್ದಿ ಮಾರುತ್ತ ಅಮೆರಿಕದ ಡಾನ್ ಕ್ಲಾರ್ಕ್ ‘ಮಿಸ್ಟರ್ ಸ್ಪೀಕರ್ಸ್’ ಕಂಪನಿ ಕಟ್ಟಿದರು. ಅವರ ಮ್ಯಾಡ್ ಡಾಗ್ ಎಂಬುದು ತಿದ್ದಿದ ಟಿ50ಆರ್‌ಪಿ. ಅದರ ನಂತರದ ಆಲ್ಫಾ ಡಾಗ್‌ಗೆ 3ಡಿ ಪ್ರಿಂಟ್ ಮಾಡಿದ ಬಟ್ಟಲು ಬಂತು. ಇವತ್ತು ಅವರ ಹೆಸರಿನ ಕಂಪನಿ ತನ್ನದೇ ಪೊರೆಗಳನ್ನು ಮಾಡುತ್ತದೆ. ಶಿಕಾಗೊದ ಝಡ್‌ಎಂಎಫ್ ಕೂಡ ಟಿ50ಆರ್‌ಪಿಗೆ ಮರದ ಬಟ್ಟಲು ತೊಡಿಸುತ್ತ ಬೆಳೆದ ಸಂಸ್ಥೆ. ಆಮೇಲೆ ಫೋಸ್ಟೆಕ್ಸೇ ಮಹೋಗನಿ ಮರದ ಬಟ್ಟಲಿನ ಟಿ60ಆರ್‌ಪಿ ತಂದಿತು. ಅದೇ ಜಾತಿಯ ಪೊರೆಯನ್ನು ಇಟ್ಟುಕೊಂಡು ಇಷ್ಟು ಬೇರೆಬೇರೆ ದನಿಗಳು ಸಾಧ್ಯವಾದವು ಎಂಬುದೇ ನನ್ನ ವಾದಕ್ಕೆ ದೊಡ್ಡ ಸಾಕ್ಷಿ. ತಂತ್ರವೇ ದನಿಯಾಗಿದ್ದರೆ ಇವೆಲ್ಲ ಒಂದೇ ರೀತಿ ಕೇಳಿಸಬೇಕಿತ್ತು.

ತಿದ್ದುಪಡಿಯಲ್ಲಿ ಏನೇನು ನಡೆಯುತ್ತದೆ? ಬಟ್ಟಲಿನ ಒಳಗೋಡೆಗೆ ಭಾರವಾದ ಬ್ಯುಟೈಲ್ ಹಾಳೆ ಅಂಟಿಸುತ್ತಾರೆ. ಕಾರಿನ ಬಾಗಿಲೊಳಗೆ ಸದ್ದು ತಡೆಯಲು ಹಾಕುವಂಥದ್ದೇ ಇದು, ಬೆಂಗಳೂರಿನಲ್ಲಿ ಜೆ.ಸಿ. ರೋಡಿನ ಕಡೆ ಕಾರಿನ ಸಾಮಾನು ಮಾರುವವರಲ್ಲಿ ಸಿಗುತ್ತದೆ. ಪೊರೆ ಕೂತಿರುವ ಪ್ಲಾಸ್ಟಿಕ್ ತಟ್ಟೆಯ ಪೊಳ್ಳು ಮೂಲೆಗಳಿಗೆ ಮಕ್ಕಳು ಆಡುವ ಬಣ್ಣದ ಕ್ಲೇ ತುಂಬುತ್ತಾರೆ. ಬಟ್ಟಲಿನ ಪೊಳ್ಳಿಗೆ ಅರಳೆ, ಉಣ್ಣೆಯ ಫೆಲ್ಟ್ ಇಲ್ಲವೇ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹಾಕುತ್ತಾರೆ. ಪೊರೆಯ ಹಿಂಬದಿಯಿಂದ ಹೊರಟ ದನಿ ಗೋಡೆಗೆ ಬಡಿದು ಮರಳಿ ಪೊರೆಯ ಮೂಲಕವೇ ಕಿವಿಗೆ ಬರದಂತೆ ತಡೆಯುವುದು ಇದರ ಉದ್ದೇಶ. ಬಟ್ಟಲಿನ ಸಣ್ಣ ಕಿಂಡಿಗಳನ್ನು ಟೇಪಿನಿಂದ ಸ್ವಲ್ಪಸ್ವಲ್ಪವೇ ಮುಚ್ಚಿ ಬೇಸಿನ ಉಬ್ಬನ್ನು ಹದಕ್ಕೆ ತರುತ್ತಾರೆ. ಪೊರೆಯ ಹಿಂದಿನ ಫೆಲ್ಟು ದಪ್ಪವಾದರೆ ಬೇಸ್ ಒಣಗುತ್ತದೆ, ತೆಳುವಾದರೆ ಅನುರಣನ ಹೆಚ್ಚಿ ಮಂದ್ರದ ಮೇಲ್ಭಾಗ ಊದಿಕೊಳ್ಳುತ್ತದೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಪ್ಯಾಡಿನದು. ಚರ್ಮದ ಪ್ಯಾಡ್ ಗಾಳಿಯನ್ನು ಹಿಡಿದಿಟ್ಟು ಬೇಸನ್ನು ಉಳಿಸುತ್ತದೆ, ಮಖಮಲ್ಲಿನದು ಸೋರಲು ಬಿಡುತ್ತದೆ. ದಪ್ಪ ಪ್ಯಾಡ್ ಕಿವಿಯನ್ನು ಪೊರೆಯಿಂದ ದೂರ ಮಾಡಿ 2,000ದಿಂದ 5,000 ಹರ್ಟ್ಜ್ ನಡುವಿನ ಮಟ್ಟವನ್ನೇ ಬದಲಿಸಬಲ್ಲದು. ಕನ್ನಡಕದ ಕಡ್ಡಿ ಪ್ಯಾಡಿನ ಅಡಿಯಲ್ಲಿ ಬಿಡುವ ಸಣ್ಣ ಸಂದಿಯೂ ಪ್ಲೇನರಿನ ಹೆಮ್ಮೆಯಾದ ಆಳದ ಬೇಸನ್ನು ಕಿತ್ತುಕೊಳ್ಳುತ್ತದೆ. ಕನ್ನಡಕ ಹಾಕಿದವರು, ಹಾಕದವರು ಒಂದೇ ಹೆಡ್‌ಫೋನಿನ ಬೇಸ್ ಬಗ್ಗೆ ಜಗಳವಾಡುವುದು ಎಷ್ಟೋ ಸಲ ಈ ಸಂದಿಯ ಕಾರಣಕ್ಕೆ.

ಹೈಫೈಮನ್‌ನಂಥ ತೆರೆದ ಬೆನ್ನಿನ ಹೆಡ್‌ಫೋನುಗಳಲ್ಲಿ ತಿದ್ದುವ ಜಾಗ ಕಡಿಮೆ. ಹೊರಗಿನ ಜಾಲರಿ ತೆಗೆದು ಬೇರೆ ಬಟ್ಟೆ ಹಾಕುವುದು, ಅಯಸ್ಕಾಂತದ ಪಟ್ಟಿಗಳ ಮೇಲೆ ತೆಳು ಫೆಲ್ಟ್ ಕೂರಿಸುವುದು, ಪ್ಯಾಡ್ ಬದಲಿಸುವುದು, ಇಷ್ಟೇ. ಪಟ್ಟಿಗಳ ಚೂಪು ಅಂಚಿಗೆ ತಾಗಿ ದನಿಯ ಅಲೆ ಚದುರುತ್ತದೆ ಎಂಬುದು ಇದರ ಹಿಂದಿನ ಯೋಚನೆ. ಅದು ತಪ್ಪಲ್ಲ. ಆಡೆಜ್ ಪಟ್ಟಿಗಳ ಮುಂದೆ ‘ಫೇಜರ್’ ಎಂಬ ಅಲೆದಾರಿ ಕೂರಿಸಿದ್ದೂ ಹೈಫೈಮನ್ ಪಟ್ಟಿಗಳ ಅಂಚನ್ನು ದುಂಡಗೆ ಮಾಡಿದ್ದೂ ಇದೇ ತೊಂದರೆಗೆ ಕಂಡುಕೊಂಡ ಪರಿಹಾರ. ಕಾರ್ಖಾನೆ ಮಾಡಿದರೆ ಸಂಶೋಧನೆ, ಮನೆಯಲ್ಲಿ ಮಾಡಿದರೆ ಕಿಡಿಗೇಡಿತನ ಎನ್ನುವವರ ಮಾತಿಗೆ ಅರ್ಥವಿಲ್ಲ. ಆದರೆ ಕಾರ್ಖಾನೆಯಲ್ಲಿ ಅಳತೆ ಇರುತ್ತದೆ. ಮನೆಯಲ್ಲಿ ಇರುತ್ತದೆಯೇ ಎಂಬುದೇ ಪ್ರಶ್ನೆ.

ತೊಡಕು ಇಲ್ಲಿದೆ. ಒಂದು ಇಡೀ ಸಂಜೆ ಕೂತು ಕತ್ತರಿಸಿ, ಅಂಟಿಸಿ, ಬೆಸುಗೆ ಹಾಕಿದ ಮನುಷ್ಯನಿಗೆ ಕೊನೆಗೆ ದನಿ ಚೆನ್ನಾಗಿಯೇ ಕೇಳಿಸುತ್ತದೆ. ಪಟ್ಟ ಶ್ರಮವೇ ಕಿವಿಯ ಮೇಲೆ ಕೂತಿರುತ್ತದೆ. ಜೊತೆಗೆ ತಿದ್ದುಪಡಿಗೆ ಮೊದಲು ಕೇಳಿದ್ದು ಗಂಟೆಗಳ ಹಿಂದೆ. ದನಿಯ ಸೂಕ್ಷ್ಮ ವಿವರಗಳ ನೆನಪು ಅಷ್ಟು ಹೊತ್ತು ನಿಲ್ಲುವಂಥದ್ದಲ್ಲ. ಮಟ್ಟದ ಸಮಸ್ಯೆಯೂ ಇದೆ. ಎರಡು ದನಿಗಳಲ್ಲಿ ಒಂದು ಅರ್ಧ ಡೆಸಿಬೆಲ್ ಜೋರಾಗಿದ್ದರೂ ಜೋರು ಎಂದು ಅನ್ನಿಸುವುದಿಲ್ಲ, ಉತ್ತಮ ಎಂದೇ ಅನ್ನಿಸುತ್ತದೆ. ಮಟ್ಟ ಹೆಚ್ಚಿದಂತೆ ಬೇಸ್ ತುಂಬಿಕೊಂಡಂತೆ ಕೇಳುವುದು ನಮ್ಮ ಕಿವಿಯ ಸ್ವಭಾವವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಹೊಸ ಪ್ಯಾಡ್ ಹಾಕಿದ ಹೆಡ್‌ಫೋನ್ ತುಸು ಜೋರಾಗಿದ್ದರೆ ಸಾಕು, ಪ್ಯಾಡಿಗೆ ಕೀರ್ತಿ ಬರುತ್ತದೆ. ‘ನೂರು ಗಂಟೆ ಓಡಿಸಿದ ಮೇಲೆ ದನಿ ಅರಳಿತು’ ಎಂಬ ಮಾತನ್ನೂ ಇಲ್ಲೇ ಇಟ್ಟು ನೋಡಬೇಕು. ಆ ಗಂಟೆಗಳಲ್ಲಿ ಪ್ಯಾಡಿನ ಫೋಮ್ ಕೆನ್ನೆಯ ಆಕಾರಕ್ಕೆ ಕುಸಿದು ಕೂರುತ್ತದೆ, ಕೇಳುವವರೂ ಆ ದನಿಗೆ ಒಗ್ಗಿಕೊಳ್ಳುತ್ತಾರೆ. ಪೊರೆ ಬದಲಾಯಿತೆಂದು ಹೇಳುವ ಮೊದಲು ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಹೆಡ್‌ಫೋನಿನಲ್ಲಿ ಕಣ್ಣುಕಟ್ಟಿ ಪರೀಕ್ಷೆ ಮಾಡುವುದೂ ಸುಲಭವಲ್ಲ. ಅರ್ಧ ಕಿಲೊ ಮೀರಿದ ಎಲ್‌ಸಿಡಿ-2ನ್ನು ತಲೆಗೆ ಇಟ್ಟ ಕ್ಷಣವೇ ಕತ್ತು ಅದರ ಹೆಸರು ಹೇಳುತ್ತದೆ. ಹಾರ್ಮನ್ ಸಂಸ್ಥೆಯಲ್ಲಿ ಷಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಇದಕ್ಕೊಂದು ಜಾಣ ದಾರಿ ಹುಡುಕಿದರು. ಹಲವು ಹೆಡ್‌ಫೋನುಗಳ ಆವರ್ತನ ನಕ್ಷೆಯನ್ನು ಅಳೆದು, ಅವನ್ನೆಲ್ಲ ಒಂದೇ ಹೆಡ್‌ಫೋನಿನಲ್ಲಿ ಈಕ್ವಲೈಜರ್ ಮೂಲಕ ಮರುಸೃಷ್ಟಿಸಿ, ಕೇಳುವವರಿಗೆ ಯಾವುದು ಯಾವುದೆಂದು ತಿಳಿಯದಂತೆ ಕೇಳಿಸಿದರು. ತಲೆಯ ಮೇಲಿನ ತೂಕ ಒಂದೇ, ದನಿ ಮಾತ್ರ ಬೇರೆ. ಅಲ್ಲಿ ಹೆಚ್ಚಿನವರ ಮೆಚ್ಚುಗೆ ಯಾವ ನಕ್ಷೆಯತ್ತ ಹೋಯಿತೋ ಅದು ಇಂದು ಹಾರ್ಮನ್ ಗುರಿರೇಖೆ ಎಂದು ಪ್ರಸಿದ್ಧ. ಮೆಚ್ಚುಗೆಗೂ ಬೆಲೆಗೂ ಇರುವ ನಂಟು ಎಷ್ಟು ಸಡಿಲವೆಂದು ಇನ್ನೊಂದು ಕಡೆಯಿಂದಲೂ ತಿಳಿಯಿತು. 2017ರಲ್ಲಿ ಜೆರೋನ್ ಬ್ರೇಬಾರ್ಟ್ 283 ಹೆಡ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿದಾಗ ಆವರ್ತನ ನಕ್ಷೆಗೂ ಮಾರಾಟದ ಬೆಲೆಗೂ ಸಂಬಂಧ ಕಾಣಲಿಲ್ಲ.

ಹಾರ್ಮನ್ನಿನ ಪ್ರಯೋಗಾಲಯ ನಮ್ಮ ಮನೆಯಲ್ಲಿಲ್ಲ. ಆದರೆ ತಿದ್ದುವವರಿಗೆ ಅದಕ್ಕಿಂತ ನೇರವಾದ ಒಂದು ಅವಕಾಶ ಇದೆ, ಮತ್ತು ಅದನ್ನು ಬಳಸುವವರು ಕಡಿಮೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಹೆಡ್‌ಫೋನಿಗೆ ಎರಡು ಬಟ್ಟಲುಗಳಿವೆ. ಒಂದನ್ನು ಮಾತ್ರ ತಿದ್ದಿ. ಇನ್ನೊಂದನ್ನು ಇದ್ದ ಹಾಗೆಯೇ ಬಿಡಿ. ಎರಡಕ್ಕೂ ಒಂದೇ ಮಾನೊ ದನಿ ಕೊಟ್ಟು, ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಏರುವ ಶುದ್ಧ ಸ್ವರ ಹರಿಸಿ. ಬಟ್ಟಲುಗಳು ಸಮವಿದ್ದಲ್ಲಿ ದನಿ ಹಣೆಯ ನಡುವೆ ನಿಲ್ಲುತ್ತದೆ. ಬೇರೆಯಾದಲ್ಲಿ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಎರಡು ಕಿವಿಗಳ ನಡುವೆ ಒಂದು ಡೆಸಿಬೆಲ್‌ನಷ್ಟು ವ್ಯತ್ಯಾಸವಿದ್ದರೂ ನಮ್ಮ ಮಿದುಳು ಅದನ್ನು ದಿಕ್ಕಾಗಿ ಗುರುತಿಸುತ್ತದೆ. ಗಂಟೆಗಳ ಹಿಂದಿನ ನೆನಪಿಗೆ ಆ ಸೂಕ್ಷ್ಮತೆ ಇಲ್ಲವೇ ಇಲ್ಲ. ಯಾವ ಆವರ್ತನದಲ್ಲಿ ಸರಿಯಿತು, ಎತ್ತ ಸರಿಯಿತು ಎಂದು ಬರೆದುಕೊಳ್ಳಿ. ಆಮೇಲೆ ಹೆಡ್‌ಫೋನನ್ನು ಎಡಬಲ ಅದಲುಬದಲು ಮಾಡಿ ಹಾಕಿಕೊಂಡು ಮತ್ತೆ ಕೇಳಿ. ಸರಿದದ್ದು ಈಗ ಎದುರು ಬದಿಗೆ ಹೋದರೆ ಅದು ಬಟ್ಟಲಿನ ಗುಣ. ಅದೇ ಬದಿಯಲ್ಲಿ ಉಳಿದರೆ ಅದು ನಿಮ್ಮ ಕಿವಿಯ ಗುಣ. ಎರಡು ಕಿವಿಗಳೂ ಒಂದೇ ಥರ ಇರುವವರು ಅಪರೂಪ, ಹಾಗಾಗಿ ಈ ಎರಡನೆಯ ಹೆಜ್ಜೆಯನ್ನು ಬಿಡಕೂಡದು.

ಈ ಪರೀಕ್ಷೆಗೆ ಹಣ ಬೇಕಿಲ್ಲ, ಉಪಕರಣ ಬೇಕಿಲ್ಲ, ಶ್ರಮದ ಮೋಹವೂ ಇದರಲ್ಲಿ ಅಷ್ಟು ಸುಲಭವಾಗಿ ನುಸುಳುವುದಿಲ್ಲ. ದನಿ ‘ಚೆನ್ನಾಗಿದೆಯೇ’ ಎಂದು ಇಲ್ಲಿ ಯಾರೂ ಕೇಳುತ್ತಿಲ್ಲ, ಅದು ಎಲ್ಲಿದೆ ಎಂದಷ್ಟೇ ಕೇಳುತ್ತಿದ್ದೇವೆ. ಜೊತೆಗೆ ಇದು ಮನೆಯ ತಿದ್ದುಪಡಿಯ ದೊಡ್ಡ ದೋಷವನ್ನು ಹಿಡಿದುಕೊಡುತ್ತದೆ: ಎರಡು ಬಟ್ಟಲುಗಳು ಸಮವಾಗದಿರುವುದು. ಒಂದು ಬದಿಗೆ ಅರಳೆ ಸ್ವಲ್ಪ ಹೆಚ್ಚು, ಇನ್ನೊಂದಕ್ಕೆ ಸ್ವಲ್ಪ ಕಡಿಮೆ ಆದರೂ ಗಾಯಕರು ನಡುವಿನಲ್ಲಿ ನಿಲ್ಲದೆ ಸ್ವರದಿಂದ ಸ್ವರಕ್ಕೆ ಅಲೆದಾಡುತ್ತಾರೆ. ಹಾಗಾಗಿ ತುಂಬುವ ವಸ್ತುವನ್ನು ಕಣ್ಣಳತೆಯಲ್ಲಿ ಹಾಕದೆ, ಒಡವೆ ತೂಗುವಂಥ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಹಾಕಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ವಾಪಸು ತೆಗೆಯಲು ಬಾರದ ಕೆಲಸ ಕೊನೆಗೆ.

ಅಗ್ಗದ ಮೈಕ್ರೊಫೋನ್ ಒಂದಿದ್ದರೆ ಇನ್ನೂ ಮುಂದೆ ಹೋಗಬಹುದು. ಸಪಾಟು ಹಲಗೆಗೆ ಸಣ್ಣ ಇಲೆಕ್ಟ್ರೆಟ್ ಮೈಕ್ ಕೂರಿಸಿ, ಅದರ ಮೇಲೆ ಬಟ್ಟಲನ್ನು ಒತ್ತಿಟ್ಟು, ರೂಮ್ ಈಕ್ಯೂ ವಿಝರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಅಳೆಯಬಹುದು. ಆ ನಕ್ಷೆಯನ್ನು ಪ್ರಯೋಗಾಲಯದ ಕೃತಕ ಕಿವಿಯ ನಕ್ಷೆಯೊಂದಿಗೆ ಹೋಲಿಸಬಾರದು. ಹಲಗೆಗೆ ಕಿವಿಯ ಹಾಲೆಯಿಲ್ಲ, ನಾಳವಿಲ್ಲ. 3,000 ಹರ್ಟ್ಜ್ ಸುತ್ತ ನಮ್ಮ ಕಿವಿ ಸಹಜವಾಗಿ ಎತ್ತಿಕೊಡುವ ಭಾಗ ಅದರಲ್ಲಿ ಕಾಣುವುದೇ ಇಲ್ಲ. ಆದರೆ ಅದೇ ಹಲಗೆಯ ಮೇಲೆ ತಿದ್ದುವ ಮೊದಲು ಮತ್ತು ತಿದ್ದಿದ ಮೇಲೆ ತೆಗೆದ ಎರಡು ನಕ್ಷೆಗಳ ವ್ಯತ್ಯಾಸ ನಂಬಲರ್ಹ, ಅದರಲ್ಲೂ ಬೇಸ್ ಮತ್ತು ಮಧ್ಯ ಭಾಗದಲ್ಲಿ. 8,000 ಹರ್ಟ್ಜ್ ದಾಟಿದ ಮೇಲೆ ದುಬಾರಿ ಉಪಕರಣದ ನಕ್ಷೆಯೂ ನಿಮ್ಮ ಕಿವಿಯೊಳಗೆ ನಡೆಯುವುದನ್ನು ನಿಖರವಾಗಿ ಹೇಳಲಾರದು. ಅಲ್ಲಿ ಹೆಡ್‌ಫೋನ್ ಕೂರುವ ಜಾಗ ಕೆಲವೇ ಮಿಲಿಮೀಟರ್ ಬದಲಾದರೂ ನಕ್ಷೆಯ ಏರುತಗ್ಗು ಬದಲಾಗುತ್ತದೆ.

‘ಇಷ್ಟೆಲ್ಲ ಏಕೆ, ಈಕ್ವಲೈಜರ್ ಇದೆಯಲ್ಲ?’ ಎಂಬ ಆಕ್ಷೇಪ ಗಟ್ಟಿಯಾದದ್ದು. ಈಕ್ವಲೈಜರ್ ಎಪಿಒ ಎಂಬ ಉಚಿತ ತಂತ್ರಾಂಶ ವಿಂಡೋಸ್ ಕಂಪ್ಯೂಟರಿನಲ್ಲಿ ಬೇಕಾದ ಆವರ್ತನವನ್ನು ಬೇಕಾದಷ್ಟು ಏರಿಸಿ ಇಳಿಸುತ್ತದೆ. ಪ್ಲೇನರುಗಳು ಅದಕ್ಕೆ ಹೇಳಿ ಮಾಡಿಸಿದವು. ಬೇಸಿನಲ್ಲಿ ವಿರೂಪ ಕಡಿಮೆ ಇರುವುದರಿಂದ ಐದಾರು ಡೆಸಿಬೆಲ್ ಏರಿಸಿದರೂ ತಡೆದುಕೊಳ್ಳುತ್ತವೆ. ಈ ಆಕ್ಷೇಪವನ್ನು ನಾನು ಮುಕ್ಕಾಲು ಪಾಲು ಒಪ್ಪುತ್ತೇನೆ. ಒಪ್ಪಿ, ಅದನ್ನೇ ತಿದ್ದುಪಡಿಯ ಮೊದಲ ಹೆಜ್ಜೆಯಾಗಿ ಮಾಡಿಕೊಳ್ಳಬೇಕು ಎನ್ನುತ್ತೇನೆ. 150 ಹರ್ಟ್ಜ್ ಬಳಿಯ ಉಬ್ಬನ್ನು ಇಳಿಸಿದರೆ ನಿಮಗೆ ಇಷ್ಟವಾಗುತ್ತದೆಯೇ ಎಂದು ಮೊದಲು ತಂತ್ರಾಂಶದಲ್ಲಿ ಕೇಳಿ ನೋಡಿ. ಇಷ್ಟವಾಯಿತೆಂದರೆ ಯಾವ ಫೆಲ್ಟ್, ಯಾವ ಕಿಂಡಿ ಎಂದು ಹುಡುಕಲು ಒಂದು ಗುರಿ ಸಿಕ್ಕಿತು. ಇಷ್ಟವಾಗದಿದ್ದರೆ ಸ್ಕ್ರೂಡ್ರೈವರ್ ಹಿಡಿಯುವ ಕೆಲಸವೇ ತಪ್ಪಿತು. ಕೆಲವನ್ನು ಈಕ್ವಲೈಜರ್ ಸರಿಪಡಿಸಲಾರದು. ಸಂದಿಯಿಂದ ಸೋರುವ ಬೇಸ್ ತಲೆ ಅಲುಗಿದಂತೆಲ್ಲ ಬದಲಾಗುತ್ತದೆ, ಅದಕ್ಕೆ ಸ್ಥಿರವಾದ ತಿದ್ದುಪಡಿ ಇಲ್ಲ. ಬಟ್ಟಲಿನೊಳಗೆ ಬಡಿದು ತಡವಾಗಿ ಬರುವ ದನಿ ಮೂಲ ದನಿಯನ್ನು ಅಳಿಸಿಹಾಕಿದ ಕಿರಿದಾದ ಹಳ್ಳಗಳನ್ನು ಎಷ್ಟು ಎತ್ತಿದರೂ ತುಂಬಲಾಗದು. ಕಿವಿ ಬೆವರುವುದನ್ನು, ನೆತ್ತಿ ನೋಯುವುದನ್ನು ಯಾವ ತಂತ್ರಾಂಶವೂ ತಡೆಯಲಾರದು. ತಿದ್ದುವವರ ಕೈಗೆ ಉಳಿಯುವ ಕೆಲಸ ಇವೇ, ಇವು ಸಣ್ಣ ಕೆಲಸಗಳಲ್ಲ.

ಕೇಬಲ್ ವಿಷಯದಲ್ಲಿ ಮಾತ್ರ ನನಗೆ ಯಾವ ಸಂದೇಹವೂ ಇಲ್ಲ. ಪ್ಲೇನರಿನ ಗೆರೆಗಳು ವಿದ್ಯುತ್ತಿಗೆ ಹೆಚ್ಚುಕಡಿಮೆ ಬರೀ ರೋಧಕ. ಸುರುಳಿಯ ಹೆಡ್‌ಫೋನುಗಳಲ್ಲಿ ಅನುರಣನದ ಬಳಿ ಇಂಪೀಡೆನ್ಸ್ ಏರುವಂತೆ ಇಲ್ಲಿ ಏರುವುದಿಲ್ಲ, ಎಲ್ಲ ಆವರ್ತನಗಳಲ್ಲೂ ಸಮವಾಗಿರುತ್ತದೆ. ಹೈಫೈಮನ್ ಸುಂದರಾದ ಇಂಪೀಡೆನ್ಸ್ 37 ಓಮ್. ಕೇಬಲಿನ ರೋಧ ಅರ್ಧ ಓಮ್ ಹೆಚ್ಚಾದರೆ ಮಟ್ಟ ಸುಮಾರು 0.12 ಡೆಸಿಬೆಲ್ ಇಳಿಯುತ್ತದೆ, ಅದೂ ಬೇಸಿನಿಂದ ಟ್ರೆಬಲ್‌ವರೆಗೆ ಒಂದೇ ಸಮನೆ. ಅಂದರೆ ಹೆಡ್‌ಫೋನುಗಳಲ್ಲೆಲ್ಲ ಕೇಬಲ್ ಬದಲಿಸಿ ದನಿಯ ಬಣ್ಣ ಬದಲಿಸಲು ಅತಿ ಕಡಿಮೆ ಅವಕಾಶವಿರುವುದು ಪ್ಲೇನರಿನಲ್ಲೇ. ಹಳೆಯ ಕೇಬಲ್ ಹರಿದಿದ್ದರೆ, ಗಡುಸಾಗಿದ್ದರೆ, ಎರಡೂ ಬದಿಗೆ ಬಿಡಿ ಸಾಕೆಟ್ ಬೇಕಿದ್ದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂತಿ, ಪ್ಲಗ್ ತಂದು ಬೆಸುಗೆ ಹಾಕಿಕೊಳ್ಳಿ. ಅದು ಒಳ್ಳೆಯ ಕೆಲಸ. ಬೆಳ್ಳಿ ತಂತಿಗೆ ಹೆಡ್‌ಫೋನಿನಷ್ಟೇ ಬೆಲೆ ಕೊಡುವ ಹಣ ಒಳ್ಳೆಯ ಪ್ಯಾಡಿಗೆ ಹೋಗಲಿ.

ಆಂಪ್ಲಿಫೈಯರ್ ವಿಷಯ ಹಾಗಲ್ಲ, ಅಲ್ಲಿ ಲೆಕ್ಕ ಮಾಡಲೇಬೇಕು. ಹೈಫೈಮನ್ ಎಚ್‌ಇ-6 ಒಂದು ಮಿಲಿವ್ಯಾಟಿಗೆ ಕೊಡುವುದು 83.5 ಡೆಸಿಬೆಲ್. ಸಂಗೀತದ ಗಟ್ಟಿ ಕ್ಷಣಗಳಿಗೆಂದು 110 ಡೆಸಿಬೆಲ್ ಇಟ್ಟುಕೊಂಡರೆ ಅದಕ್ಕೆ ಸುಮಾರು 450 ಮಿಲಿವ್ಯಾಟ್ ಬೇಕು. 92 ಡೆಸಿಬೆಲ್ಲಿನ ಟಿ50ಆರ್‌ಪಿ ಎಂಕೆ3ಗೆ ಅದೇ ಮಟ್ಟಕ್ಕೆ 63 ಮಿಲಿವ್ಯಾಟ್ ಸಾಕು. 101 ಡೆಸಿಬೆಲ್ ಎನ್ನುವ ಎಲ್‌ಸಿಡಿ-2ಗೆ ಲೆಕ್ಕದ ಪ್ರಕಾರ ಎಂಟು. ಆದರೆ ಆಡೆಜ್ ತನ್ನ ಅಂಕಿಯನ್ನು ಹೇಳುವುದು ಕಿವಿತಮಟೆಯ ಜಾಗದಲ್ಲಿ ಅಳೆದು. ಎಲ್ಲ ಕಂಪನಿಗಳೂ ಹಾಗೆ ಮಾಡುವುದಿಲ್ಲ. ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ಎದುರುಬದುರಾಗಿಟ್ಟು ತೀರ್ಮಾನಿಸುವುದೂ ಒಂದು ಕೆಟ್ಟ ಹೋಲಿಕೆಯೇ. ಸಾಕಷ್ಟು ಶಕ್ತಿ ಸಿಕ್ಕ ಮೇಲೆ ಒಂದು ಎಚ್ಚರಿಕೆ ಬೇಕು. ವಿರೂಪ ಕಡಿಮೆಯಾದ ದನಿ ಜೋರಾಗಿದ್ದರೂ ಜೋರೆನಿಸುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹೋಲಿಸುತ್ತ ಕೂತ ರಾತ್ರಿಗಳಲ್ಲಿ ಆ ಮಿತಿ ದಾಟುವುದು ಬಹಳ ಸುಲಭ.

ಕೊನೆಗೆ ಯಾವ ಸಂಗೀತದಿಂದ ಹೋಲಿಸಬೇಕು? ಹಾರ್ಮನ್ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಿದ್ದು ಪಾಶ್ಚಾತ್ಯ ಜನಪ್ರಿಯ ಸಂಗೀತ. ಅಲ್ಲಿಂದ ಬಂದ ಗುರಿರೇಖೆಯಲ್ಲಿ ಸುಮಾರು 100 ಹರ್ಟ್ಜ್‌ನಿಂದ ಕೆಳಗೆ ಬೇಸ್ ಎತ್ತಿದೆ. ಸಿ-ಶಾರ್ಪ್ ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿಯ ಮೂಲ ಆವರ್ತನ 70 ಹರ್ಟ್ಜ್ ಸುತ್ತ ಬರುತ್ತದೆ. ಅಂದರೆ ಆ ರೇಖೆಯನ್ನು ಕಣ್ಣುಮುಚ್ಚಿ ಪಾಲಿಸಿದರೆ ಡ್ರಮ್ಮಿಗಾಗಿ ಎತ್ತಿದ ಜಾಗದಲ್ಲೇ ನಮ್ಮ ತಂಬೂರಿಯ ತಳವೂ ಎದ್ದುಬಿಡುತ್ತದೆ. ಕೆಲವರಿಗೆ ಅದು ಇಷ್ಟವಾಗಬಹುದು. ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆಯ ಹಿಂದೆ ತಂಬೂರಿ ಮೇಲ್ಸ್ವರಗಳ ಝೇಂಕಾರವಾಗಿ ಹರಡಿಕೊಂಡಿರಬೇಕು, ತಳದಲ್ಲಿ ಗುಮ್ಮೆನ್ನಬಾರದು ಎಂಬುದು ನನ್ನ ಕಿವಿಯ ಹಟ. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟು ಬಿದ್ದ ಕ್ಷಣದ ಗಟ್ಟಿತನವೂ ಗಮಕ ಆರುವವರೆಗಿನ ಉದ್ದವೂ ಬೇರೆಬೇರೆಯಾಗಿ ತಿಳಿಯಬೇಕು. ಹಳೆಯ ಆಕಾಶವಾಣಿ ಧ್ವನಿಮುದ್ರಣಗಳಲ್ಲಿ ಮೇಲಿನ ಆವರ್ತನಗಳನ್ನು ಎತ್ತಿದ ಹೆಡ್‌ಫೋನ್ ಟೇಪಿನ ಸುಯ್ಯನ್ನೇ ಮುಂದೆ ತರುತ್ತದೆ. ಇವನ್ನೇ ವರ್ಷಗಟ್ಟಲೆ ಕೇಳಿದವರು ಇವುಗಳಿಂದಲೇ ಹೋಲಿಸಬೇಕು. ಪ್ರದರ್ಶನಕ್ಕೆಂದು ಮುದ್ರಿಸಿದ, ಯಾರೂ ಪ್ರೀತಿಯಿಂದ ಕೇಳದ ಹಾಡುಗಳಲ್ಲಿ ಎಲ್ಲ ಹೆಡ್‌ಫೋನುಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಗುರಿರೇಖೆ ಒಂದು ಒಳ್ಳೆಯ ಆರಂಭ. ಅಲ್ಲಿಂದ ಎಷ್ಟು ದೂರ ಹೋಗಬೇಕೆಂಬುದನ್ನು ನಿಮ್ಮ ಸಂಗೀತ ಹೇಳಬೇಕು, ಮಟ್ಟ ಸಮ ಮಾಡಿಕೊಂಡ ಮೇಲೆ.

ಇದೆಲ್ಲ ಸಾಧ್ಯವಾಗಬೇಕಾದರೆ ವಸ್ತು ಬಿಚ್ಚಿಕೊಳ್ಳುವಂತಿರಬೇಕು. ಟಿ50ಆರ್‌ಪಿ ಇಷ್ಟು ಜನರಿಗೆ ಪಾಠಶಾಲೆಯಾದದ್ದು ಸ್ಕ್ರೂಗಳಿಂದಾಗಿ. ಎಲ್‌ಸಿಡಿ ಸರಣಿಯ ಪ್ಯಾಡುಗಳನ್ನು ಅಂಟಿನಿಂದ ಕೂರಿಸಿರುತ್ತಾರೆ. ತೆಗೆಯುವಾಗ ಅಂಚು ಹರಿಯುವ ಭಯ. ನಮ್ಮ ಕರಾವಳಿಯ ತೇವದಲ್ಲಿ ಕೃತಕ ಚರ್ಮದ ಪ್ಯಾಡ್ ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ, ಒಳಗಿನ ಅಂಟು ಸಡಿಲಗೊಳ್ಳುತ್ತದೆ. ಪ್ಯಾಡೇ ದನಿಯ ಅರ್ಧ ಭಾಗ ಎಂದು ಒಪ್ಪಿದರೆ ಸಿಪ್ಪೆ ಎದ್ದ ಪ್ಯಾಡಿನ ಹೆಡ್‌ಫೋನ್ ನಾವು ಕೊಂಡ ಹೆಡ್‌ಫೋನ್ ಅಲ್ಲ. ಆದ್ದರಿಂದ ತಯಾರಕರನ್ನು ಕೇಳಬೇಕಾದ್ದು ಇವಿಷ್ಟು: ಪ್ಯಾಡನ್ನು ಕ್ಲಿಪ್ಪಿನಿಂದ ಕೂರಿಸಿ, ಅಂಟಿನ ಬದಲು ಸ್ಕ್ರೂ ಹಾಕಿ, ಪೊರೆಯ ಹಿಂದಿನ ಫೆಲ್ಟನ್ನು ಬಿಡಿಭಾಗವಾಗಿ ಮಾರಿ, ಪ್ರತಿ ಪ್ಯಾಡಿನೊಂದಿಗೂ ಅಳೆದ ನಕ್ಷೆಯನ್ನು ಪ್ರಕಟಿಸಿ. ತಿದ್ದಿದ ಹೆಡ್‌ಫೋನನ್ನು ಇನ್ನೊಬ್ಬರಿಗೆ ಮಾರುವ ಹವ್ಯಾಸಿಯೂ ತೆಗೆದ ಮೂಲ ಭಾಗಗಳನ್ನು ಒಂದು ಚೀಲದಲ್ಲಿ ಹಾಕಿ, ಏನೇನು ಬದಲಿಸಿದೆ, ಎಷ್ಟು ಗ್ರಾಂ ತುಂಬಿದೆ ಎಂದು ಚೀಟಿ ಬರೆದು ಜೊತೆಗೆ ಕೊಡಬೇಕು.